ಎರಡು ಹಾಸಿಗೆ ಸಾಲದು ಎಂದ ದಿನ

ಕೋಲಾರದ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನಾನು ಸಿಸ್ಟರ್ ಇನ್‌ಚಾರ್ಜ್. ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆಯ ಪರಿಶೀಲನೆ ಹತ್ತಿರವಾದಾಗ, ಜೀವಾಂತ್ಯದ ಆರೈಕೆಗೆ ಲಿಖಿತ ನೀತಿ ಇರಬೇಕೆಂಬುದು ಆಡಳಿತದವರ ನೆನಪಿಗೆ ಬಂದು, ಐಸಿಯುಗೆ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು-ಸಂಕಟ ತಗ್ಗಿಸುವ ಆರೈಕೆಯ ಯೋಜನೆ ಸಿದ್ಧಪಡಿಸುವ ಸಮಿತಿಯೊಂದನ್ನು ರಚಿಸಿ ನನ್ನನ್ನೂ ಅದರಲ್ಲಿ ಸೇರಿಸಿದರು. ಕಾರಣ ಕಾಗದಪತ್ರದ್ದೇ ಆಗಿರಲಿ, ಕೆಲಸ ಮಾತ್ರ ಎಂದೋ ಆಗಬೇಕಾಗಿದ್ದದ್ದು. ಹಾಗಾಗಿ ನಾನು ಗೊಣಗಲಿಲ್ಲ.

ಸಭೆಗೆ ವೈದ್ಯಕೀಯ ಅಧೀಕ್ಷಕರು ತಂದಿದ್ದ ಕರಡು ನೋಡಲು ಅಚ್ಚುಕಟ್ಟಾಗಿತ್ತು. ಘಟಕದ ಮೂಲೆಯ ಎರಡು ಹಾಸಿಗೆಗಳಿಗೆ ಪರದೆ ಕಟ್ಟಿ, ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ತೀರ್ಮಾನವಾದ ರೋಗಿಗಳನ್ನು ಅಲ್ಲಿಗೆ ಸ್ಥಳಾಂತರಿಸುವುದು ಅದರ ಮುಖ್ಯಾಂಶ. ನಾನು ಐಸಿಯುನ ದಾಖಲಾತಿ ರಿಜಿಸ್ಟರನ್ನು ತೆಗೆದುಕೊಂಡು ಹೋಗಿದ್ದೆ. ಅದರ ಕೊನೆಯ ಕಾಲಮ್ಮಿನಲ್ಲಿ ರೋಗಿ ಕಡೆಗೆ ಏನಾದರೆಂದು ಬರೆಯುತ್ತೇವೆ: ವಾರ್ಡಿಗೆ ವರ್ಗ, ಮರಣ, ಇಲ್ಲವೇ ಕೆಂಪು ಶಾಯಿಯಲ್ಲಿ ‘ಲಾಮಾ’, ಅಂದರೆ ವೈದ್ಯರ ಸಲಹೆಗೆ ವಿರುದ್ಧವಾಗಿ ಮನೆಯವರೇ ಕರೆದೊಯ್ದದ್ದು. ಪುಟ ತಿರುವಿದಂತೆಲ್ಲ ಕೆಂಪು ಶಾಯಿ ಕಾಣುತ್ತಿತ್ತು. ಹಾಗೆ ಹೋದವರಲ್ಲಿ ಹೆಚ್ಚಿನವರು ಹಲವು ದಿನ ವೆಂಟಿಲೇಟರ್ ಮೇಲಿದ್ದು, ಮನೆಯವರ ಕೈಯಲ್ಲಿದ್ದ ಹಣವೂ ಧೈರ್ಯವೂ ಒಟ್ಟಿಗೇ ಮುಗಿದ ಮೇಲೆ ಹೋದವರು. ಇಂಗ್ಲಿಷಿನ ನಮೂನೆಯೊಂದಕ್ಕೆ ಸಹಿ ಹಾಕಿಸಿಕೊಂಡು, ಆಂಬುಲೆನ್ಸಿನಲ್ಲಿ ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಾ ಊರು ಮುಟ್ಟಿಸಿ, ಅಂಗಳದಲ್ಲಿ ಟ್ಯೂಬ್ ತೆಗೆದು ಬರುವುದು ಇಲ್ಲಿ ಯಾರಿಗೂ ಹೊಸದಲ್ಲ. ಆ ಕೊನೆಯ ಗಂಟೆಗಳಲ್ಲಿ ಏದುಸಿರು ತಗ್ಗಿಸುವ ಒಂದು ಹನಿ ಔಷಧವೂ ಅವರಿಗೆ ಸಿಗುವುದಿಲ್ಲ. ಈ ಆರೈಕೆ ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತೋ ಅವರೇ ಎರಡು ಹಾಸಿಗೆಗಳ ಯೋಜನೆಯಿಂದ ಹೊರಗುಳಿಯುತ್ತಾರೆಂದು ನಾನು ಹೇಳುತ್ತಿರುವಾಗಲೇ ಘಟಕದಿಂದ ಕರೆ ಬಂತು.

ಐದನೆಯ ಹಾಸಿಗೆಯಲ್ಲಿ ಶ್ರೀನಿವಾಸಪುರ ಕಡೆಯ ಹಿರಿಯರೊಬ್ಬರಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಾವಿನ ತೋಟ, ಜೀವಮಾನವಿಡೀ ಬೀಡಿ, ಬಹುಕಾಲದ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ, ಅದರ ಮೇಲೆ ನ್ಯುಮೋನಿಯಾ, ಈಗ ಮೂತ್ರಪಿಂಡವೂ ಕೈಕೊಡುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಮಗ, “ಇನ್ನು ಇಲ್ಲಿಟ್ಟು ಏನ್ ಪ್ರಯೋಜನ ಸಿಸ್ಟರ್, ಉಸಿರಿರುವಾಗಲೇ ಮನೆ ಸೇರಿಸ್ತೀವಿ, ಎಲ್ಲಿ ಸೈನ್ ಹಾಕಬೇಕು ಹೇಳಿ” ಎಂದರು. ನಾನು ಕಾಗದ ಕೊಡದೆ ಐಸಿಯು ತಜ್ಞರನ್ನೂ ಅಧೀಕ್ಷಕರನ್ನೂ ಸಭೆಯಿಂದಲೇ ಕರೆಸಿಕೊಂಡೆ. ಕೂತು ಮಾತಾಡಲು ನಮ್ಮಲ್ಲಿ ಕೋಣೆಯೂ ಇರಲಿಲ್ಲ. ಲಿನನ್ ಕೋಣೆಯಲ್ಲಿ ಬೆಡ್‌ಶೀಟ್ ಗಂಟುಗಳನ್ನು ಪಕ್ಕಕ್ಕೆ ಸರಿಸಿ ಕುರ್ಚಿ ಹಾಕಿಸಿದೆ. ಮನೆಮಾತು ತೆಲುಗಾಗಿದ್ದ ಆ ಕುಟುಂಬದ ಅಜ್ಜಿಗೆ ಅರ್ಥವಾಗಲೆಂದು ನಮ್ಮ ಮುಳಬಾಗಿಲಿನ ಸಿಸ್ಟರ್ ಒಬ್ಬರು ಪಕ್ಕದಲ್ಲೇ ಕುಳಿತರು.

ತಜ್ಞರು ಕ್ರಿಯಾಟಿನಿನ್, ಆಕ್ಸಿಜನ್ ಲೆಕ್ಕಗಳಿಂದ ಮಾತು ಶುರುಮಾಡಲಿಲ್ಲ. “ಚೆನ್ನಾಗಿದ್ದಾಗ ಇಂಥ ಸ್ಥಿತಿಯ ಬಗ್ಗೆ ಅವರು ಏನಾದರೂ ಹೇಳಿದ್ದುಂಟಾ?” ಎಂದು ಕೇಳಿದರು. ಮಗಳು, “ನಮ್ ಚಿಕ್ಕಪ್ಪನ್ನ ಮಿಷಿನ್ ಮೇಲೆ ನೋಡ್ಕೊಂಡು ಬಂದು, ನನ್ನನ್ನ ಹೀಗೆ ವಾರಗಟ್ಟಲೆ ಮಲಗಿಸಬೇಡ್ರಮ್ಮ ಅಂದಿದ್ರು ಸಾರ್” ಎಂದರು. ದಾಖಲಾದ ದಿನ ಇದನ್ನು ಯಾರೂ ಕೇಳಿರಲಿಲ್ಲ. ಕೇಳಬೇಕಾದ ಜಾಗವೇ ನಮ್ಮ ಕೇಸ್ ಶೀಟಿನಲ್ಲಿಲ್ಲ. ವೆಂಟಿಲೇಟರ್ ಮತ್ತು ಆಂಟಿಬಯಾಟಿಕ್‌ಗಳನ್ನು ಮೂರು ದಿನ ಮುಂದುವರಿಸುವುದು, ಶ್ವಾಸಕೋಶ ಸುಧಾರಿಸದಿದ್ದರೆ ಮತ್ತೆ ಎಲ್ಲರೂ ಕುಳಿತು ಮುಂದಿನದನ್ನು ನಿರ್ಧರಿಸುವುದು, ಅಲ್ಲಿಯವರೆಗೆ ನೋವು ಮತ್ತು ಉಬ್ಬಸದ ಉಪಶಮನಕ್ಕೆ ಮೊದಲ ಆದ್ಯತೆ ಕೊಡುವುದು ಎಂದು ಮಾತಾಯಿತು. ಕಾಲಮಿತಿಯ ಚಿಕಿತ್ಸೆಯೆಂದು ವೈದ್ಯರು ಕರೆಯುವುದು ಇದನ್ನೇ. ಮನೆಗೆ ಕರೆದೊಯ್ಯುವ ಮಾತನ್ನು ಮಗ ಮತ್ತೆ ಎತ್ತಲಿಲ್ಲ.

ನೋವು ಇದೆಯೇ ಎಂದು ಟ್ಯೂಬ್ ಹಾಕಿದ ರೋಗಿಯನ್ನು ಕೇಳುವಂತಿಲ್ಲವಾದ್ದರಿಂದ ಸಿಪಿಒಟಿ ಎಂಬ ಅಳತೆ ಇದೆ: ಮುಖಭಾವ, ಅಂಗಾಂಗಗಳ ಚಲನೆ, ಸ್ನಾಯುಗಳ ಬಿಗಿತ, ವೆಂಟಿಲೇಟರಿನೊಂದಿಗೆ ಹೊಂದಿಕೆ, ಒಂದೊಂದಕ್ಕೂ 0ಯಿಂದ 2, ಒಟ್ಟು 8. ಕಫ ಎಳೆಯುವಾಗ ಅವರ ಹುಬ್ಬು ಗಂಟಿಕ್ಕಿ, ಕೈ ಟ್ಯೂಬಿನತ್ತ ಏಳುತ್ತಿತ್ತು; ಅಂಕ 5. ನೋವು ನಿವಾರಕ ಫೆಂಟನಿಲ್‌ನ ಇನ್‌ಫ್ಯೂಷನ್ ಸರಿಹೊಂದಿಸಿದ ಮೇಲೆ 1ಕ್ಕೆ ಇಳಿಯಿತು. ಬಾಯಿಗೆ ತುಳಸಿ ನೀರು ಬಿಡಬೇಕೆಂದು ಅಜ್ಜಿ ಕೇಳಿದರು. ನೀರು ಬಿಡುವಂತಿಲ್ಲ; ಗಾಜ್ ತುಂಡನ್ನು ತುಳಸಿ ನೀರಿನಲ್ಲಿ ಅದ್ದಿ ಹಿಂಡಿ, ತುಟಿ ಒರೆಸುವುದನ್ನು ಅವರಿಗೇ ಹೇಳಿಕೊಟ್ಟೆವು. ಭೇಟಿಯ ಸಮಯದ ಬೋರ್ಡನ್ನು ಆ ಹಾಸಿಗೆಯ ಮಟ್ಟಿಗೆ ನಾನೇ ರದ್ದು ಮಾಡಿದೆ. ಗಡುವು ಮುಗಿಯುವ ಮೊದಲೇ, ಮನೆಯವರೆಲ್ಲ ಜೊತೆಗಿದ್ದಾಗ ಅವರು ತೀರಿಕೊಂಡರು.

ಮತ್ತೆ ಸಮಿತಿ ಸೇರಿದಾಗ ಅಧೀಕ್ಷಕರೇ ಕೇಳಿದರು, “ಗಡುವು ಮುಗಿದೂ ಅವರು ಬದುಕಿದ್ದು, ಮಿಷಿನ್ ತೆಗೆಯಿರಿ ಎಂದು ಮನೆಯವರು ಹೇಳಿದ್ದರೆ ಏನು ಮಾಡುತ್ತಿದ್ದೆವು?” ಸರಿಯಾದ ಪ್ರಶ್ನೆ. ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದೇ ಹೇಳಿದೆ. ಆದರೆ ಅಂದಿನ ವಿಧಾನ ಎಷ್ಟು ಸುತ್ತುಬಳಸಿನದಾಗಿತ್ತೆಂದರೆ ಆಸ್ಪತ್ರೆಗಳು ಅದರ ಗೋಜಿಗೇ ಹೋಗಲಿಲ್ಲ. 2023ರ ಜನವರಿಯಲ್ಲಿ ಅದೇ ನ್ಯಾಯಾಲಯ ಅದನ್ನು ಸರಳಗೊಳಿಸಿತು. ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಕನಿಷ್ಠ ಐದು ವರ್ಷ ಅನುಭವವುಳ್ಳ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿಯ ಅಭಿಪ್ರಾಯವನ್ನು ಎರಡನೆಯ ಮಂಡಳಿ ಪರಿಶೀಲಿಸಬೇಕು. ಅದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ನಾಮನಿರ್ದೇಶನ ಮಾಡಿದ ವೈದ್ಯರೊಬ್ಬರು ಇರಬೇಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ. ಲಾಮಾ ನಮೂನೆಗೆ ಸಹಿ ಹಾಕಿಸಿಕೊಳ್ಳುವುದು ಈ ಹಾದಿಗಿಂತ ಸುಲಭವೆಂದು ನಮಗೆ ಇಷ್ಟು ದಿನ ಅನ್ನಿಸಿದ್ದರೆ, ಅದು ನಮಗಷ್ಟೇ ಸುಲಭ.

ಯೋಜನೆ ಹೊಸದಾಗಿ ಬರೆದಾಗ ಪರದೆ ಕಟ್ಟುವ ಮಾತು ಹೋಯಿತು. ದಾಖಲಾದ ದಿನವೇ ರೋಗಿಯನ್ನು ಗುರುತಿಸಬೇಕು: ಮುಂದುವರಿದ ಕ್ಯಾನ್ಸರ್, ಕೊನೆಯ ಹಂತದ ಶ್ವಾಸಕೋಶ ಅಥವಾ ಮೂತ್ರಪಿಂಡದ ಕಾಯಿಲೆ, ಹೃದಯ ನಿಂತು ಬದುಕುಳಿದು ಪ್ರಜ್ಞೆ ಮರಳದವರು, ಎರಡಕ್ಕಿಂತ ಹೆಚ್ಚು ಅಂಗಗಳು ಸೋತವರು. 72 ಗಂಟೆಯೊಳಗೆ ಮನೆಯವರೊಡನೆ ಕುಳಿತು ಮಾತಾಡಿ, ಆಡಿದ್ದನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ಆ ಮಾತುಕತೆಯಲ್ಲಿ ನರ್ಸ್ ಇರಲೇಬೇಕು. ಪ್ರತಿ ಪಾಳಿಯಲ್ಲೂ ಸಿಪಿಒಟಿ. ಮನೆಗೇ ಹೋಗುತ್ತೇವೆನ್ನುವವರ ಜೊತೆ ಔಷಧವೂ ಹೋಗಬೇಕಾದ್ದರಿಂದ ಮಾರ್ಫಿನ್ ಮಾತ್ರೆಗಳಿಗಾಗಿ ರಾಜ್ಯ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆಯಬೇಕು. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯ ನಂತರ ಹಿಂದಿನಂತೆ ಹಲವು ಲೈಸೆನ್ಸುಗಳಿಗೆ ಅಲೆಯಬೇಕಿಲ್ಲ. ಲೆಕ್ಕಪತ್ರದವರು ಖರ್ಚು ಕೇಳಿದರು. ಕುರ್ಚಿಗಳು ಮತ್ತು ಒಂದು ಬಾಗಿಲು ಎಂದೆ. ತರಬೇತಿಯ ಖರ್ಚು ಆಮೇಲೆ ಸೇರಿತು.

ಬಗೆಹರಿಯದೆ ಉಳಿದದ್ದು ರಾತ್ರಿ ಪಾಳಿಯ ವಿಷಯ. ಹೆಚ್ಚಿನ ಕುಟುಂಬಗಳು ಕೆಲಸ ಮುಗಿಸಿ ಊರಿನಿಂದ ಬರುವುದೇ ಕತ್ತಲಾದ ಮೇಲೆ, ಆಗ ಘಟಕದಲ್ಲಿರುವುದು ಕಿರಿಯ ಡ್ಯೂಟಿ ಡಾಕ್ಟರ್ ಮಾತ್ರ. ವಾರಕ್ಕೆರಡು ಸಂಜೆ ತಜ್ಞರು ಎಂಟು ಗಂಟೆಯವರೆಗೆ ಉಳಿಯಲು ಒಪ್ಪಿದ್ದಾರೆ. ಉಳಿದ ದಿನಗಳಿಗೆ ಯಾರು ಎಂಬ ಕಾಲಮ್ಮನ್ನು ಖಾಲಿ ಬಿಟ್ಟೇ ಯೋಜನೆಗೆ ಸಹಿಯಾಯಿತು. ಅದನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ನಾನು ಬರೆಸಿದ್ದೇನೆ.