1897: ತೆಹೆರೋಸ್ ಸಭೆ ಮತ್ತು ಬೊನಿಫಾಸಿಯೊನ ಕೊಲೆ

ಫಿಲಿಪ್ಪೀನ್ಸಿನ ಜನ ಸ್ಪೇನಿನ ವಿರುದ್ಧ ನಡೆಸಿದ ಕ್ರಾಂತಿಯೆಂದರೆ 1896 ನೆನಪಾಗುತ್ತದೆ: ಆಗಸ್ಟಿನಲ್ಲಿ ದಂಗೆ, ಡಿಸೆಂಬರ್ 30ರಂದು ಲೇಖಕ ಹೊಸೆ ರಿಸಾಲ್‌ನ ಮರಣದಂಡನೆ. ನನ್ನನ್ನು ಹೆಚ್ಚು ಕಾಡುವುದು ಅದರ ಮರುವರ್ಷ. ಕ್ರಾಂತಿಯನ್ನು ಹುಟ್ಟುಹಾಕಿದವನನ್ನು ಕ್ರಾಂತಿಕಾರರೇ ಕೊಂದ ವರ್ಷವದು.

ಮನಿಲಾದ ತೊಂಡೊ ಕೇರಿಯಲ್ಲಿ ಹುಟ್ಟಿದ ಆಂಡ್ರೆಸ್ ಬೊನಿಫಾಸಿಯೊ ಚಿಕ್ಕ ವಯಸ್ಸಿನಲ್ಲೇ ದುಡಿಮೆಗಿಳಿದು, ಮುಂದೆ ವಿದೇಶಿ ಕಂಪನಿಯೊಂದರ ಉಗ್ರಾಣದಲ್ಲಿ ಕೆಲಸ ಮಾಡುತ್ತಲೇ 1892ರ ಜುಲೈನಲ್ಲಿ ಕಟಿಪುನಾನ್ ಎಂಬ ಗುಪ್ತಸಂಘವನ್ನು ಸಂಗಡಿಗರೊಡನೆ ಕಟ್ಟಿದವನು. ಆದರೆ ದಂಗೆಗೆ ದೊಡ್ಡ ಗೆಲುವುಗಳು ದೊರೆತದ್ದು ಮನಿಲಾದಲ್ಲಲ್ಲ, ನೆರೆಯ ಕವೀಟೆ ಪ್ರಾಂತ್ಯದಲ್ಲಿ. ಅಲ್ಲಿ ಕಟಿಪುನಾನಿನ ಮಗ್ದಾಲೊ, ಮಗ್ದಿವಾಂಗ್ ಎಂಬ ಎರಡು ಬಣಗಳಿದ್ದವು. ಮಗ್ದಾಲೊ ಬಣದ ಎಮಿಲಿಯೊ ಅಗಿನಾಲ್ಡೊ ಯುದ್ಧದಲ್ಲಿ ಹೆಸರು ಮಾಡಿದ್ದ.

ಹೊಸ ಸರ್ಕಾರ ರಚಿಸಲು ಮಾರ್ಚ್ 22ರಂದು ತೆಹೆರೋಸ್‌ನಲ್ಲಿ ಎರಡೂ ಬಣಗಳು ಸೇರಿದವು. ಅಂದು ಅಗಿನಾಲ್ಡೊನಿಗೆ 28 ತುಂಬಿದ ದಿನ. ಅವನು ಸಭೆಯಲ್ಲಿರದೆ ರಣರಂಗದಲ್ಲಿದ್ದ. ಯಾರೇ ಆರಿಸಿ ಬಂದರೂ ಎಲ್ಲರೂ ಒಪ್ಪಬೇಕೆಂದು ಸಭೆಯ ಅಧ್ಯಕ್ಷನಾಗಿದ್ದ ಬೊನಿಫಾಸಿಯೊನೇ ಮೊದಲು ಕೇಳಿಕೊಂಡಿದ್ದ. ಹೊಸ ಸರ್ಕಾರದ ಅಧ್ಯಕ್ಷ ಪದವಿ ಅಗಿನಾಲ್ಡೊನ ಪಾಲಾಯಿತು; ಬೊನಿಫಾಸಿಯೊನಿಗೆ ಸಿಕ್ಕಿದ್ದು ಒಳಾಡಳಿತ ಖಾತೆ. ಆಗ ಮಗ್ದಾಲೊ ಬಣದ ದಾನಿಯೆಲ್ ತಿರೋನ ಎದ್ದು, ಈ ಹುದ್ದೆಗೆ ವಕೀಲಿ ಓದಿದವನೇ ಬೇಕೆಂದು ಹೊಸೆ ದೆಲ್ ರೊಸಾರಿಯೊನ ಹೆಸರು ಕೂಗಿದ. ಅವಮಾನಿತನಾದ ಬೊನಿಫಾಸಿಯೊ ಪಿಸ್ತೂಲಿಗೆ ಕೈಹಾಕಿದಾಗ ಆರ್ತೆಮಿಯೊ ರಿಕಾರ್ತೆ ತಡೆದ. ಕಟಿಪುನಾನಿನ ಸರ್ವೋಚ್ಚ ನಾಯಕನಾಗಿ ಸಭೆಯ ನಿರ್ಣಯಗಳನ್ನೆಲ್ಲ ರದ್ದುಗೊಳಿಸಿದ್ದೇನೆಂದು ಸಾರಿ ಬೊನಿಫಾಸಿಯೊ ಹೊರನಡೆದ. ಅವನು ದುಡುಕಿದನೆನ್ನುವವರಿದ್ದಾರೆ. ದುಡುಕಿದ್ದು ನಿಜವೇ, ಆದರೆ ಬಡವರ ನಡುವಿನಿಂದ ಬಂದು ಸಂಘ ಕಟ್ಟಿದವನ ಬಳಿ ವಕೀಲಿ ಪದವಿ ಕೇಳಿದ ಆ ಮಾತಿನಲ್ಲಿ ಅಂತಸ್ತಿನ ಅಹಂಕಾರವನ್ನು ಕಾಣದಿರಲು ನನ್ನಿಂದಾಗದು.

ಏಪ್ರಿಲ್ ಕೊನೆಯಲ್ಲಿ ಇಂದಾಂಗ್ ಊರಿನ ಲಿಂಬೋನ್‌ನಲ್ಲಿ ಅಗಿನಾಲ್ಡೊನ ಸೈನಿಕರು ಅವನನ್ನು ಬಂಧಿಸಿದರು. ಅವನ ತಮ್ಮ ಸಿರಿಯಾಕೊ ಅಲ್ಲೇ ಸತ್ತ. ಬೊನಿಫಾಸಿಯೊನ ಕುತ್ತಿಗೆಗೆ ಇರಿತದ ಗಾಯವಾಯಿತು. ಸೇನಾ ನ್ಯಾಯಾಲಯವು ರಾಜದ್ರೋಹದ ಆರೋಪ ಹೊರಿಸಿ ಮರಣದಂಡನೆ ವಿಧಿಸಿತು. ಅಗಿನಾಲ್ಡೊ ಅದನ್ನು ಗಡೀಪಾರಿಗೆ ಇಳಿಸಿ, ಅನಂತರ ಸೇನಾನಿಗಳಾದ ಪಿಯೊ ದೆಲ್ ಪಿಲಾರ್ ಮತ್ತು ಮಾರಿಯಾನೊ ನೊರಿಯೆಲ್‌ರ ಒತ್ತಾಯಕ್ಕೆ ಮಣಿದು ಆ ಆಜ್ಞೆಯನ್ನು ಹಿಂತೆಗೆದುಕೊಂಡ. ಮೇ 10ರಂದು ಮರಗೊಂದೋನ್ ಬಳಿಯ ಗುಡ್ಡಗಾಡಿನಲ್ಲಿ ಬೊನಿಫಾಸಿಯೊನನ್ನೂ ಇನ್ನೊಬ್ಬ ತಮ್ಮ ಪ್ರೊಕೊಪಿಯೊನನ್ನೂ ಕೊಂದರು. ಹೆಂಡತಿ ಗ್ರೆಗೋರಿಯಾ ದೆ ಹೆಸೂಸ್ ಎಷ್ಟು ಹುಡುಕಿದರೂ ಅವನ ದೇಹ ಸಿಗಲಿಲ್ಲ.

ಸ್ಪೇನ್ ಕವೀಟೆಯನ್ನು ಮರಳಿ ವಶಪಡಿಸಿಕೊಂಡ ಮೇಲೆ ಅಗಿನಾಲ್ಡೊ ಬುಲಕಾನ್ ಪ್ರಾಂತ್ಯದ ಬಿಯಾಕ್-ನ-ಬಾತೊ ಬೆಟ್ಟಗಳನ್ನು ಸೇರಿದ. ಡಿಸೆಂಬರಿನಲ್ಲಿ ಅಲ್ಲಿ ಆದ ಕದನವಿರಾಮದ ಒಪ್ಪಂದದಂತೆ ಸ್ಪೇನಿನವರಿಂದ 4,00,000 ಪೆಸೊಗಳ ಮೊದಲ ಕಂತು ಪಡೆದು ಹಾಂಗ್‌ಕಾಂಗಿಗೆ ಹೋದ. ಬೊನಿಫಾಸಿಯೊನ ಶಿಕ್ಷೆ ಇಳಿಸಿದ್ದ ತನ್ನ ಆಜ್ಞೆಯನ್ನು ತಾನೇ ರದ್ದುಪಡಿಸಿದ್ದಾಗಿ ಅವನು ಪತ್ರ ಬರೆದು ಒಪ್ಪಿಕೊಂಡಿದ್ದು 1948ರಲ್ಲಿ.