ಹಬ್ಬ ಯಾವತ್ತು ಅಂತ ನಿಮಗೇ ಗೊತ್ತಿಲ್ವಾ?

ರಂಜಾನ್ ತಿಂಗಳ ಕೊನೇ ವಾರ ಬಂತೆಂದರೆ ದಿನಕ್ಕೆ ನಾಲ್ಕು ಸಲ ಈ ಪ್ರಶ್ನೆ. ಅದರಲ್ಲಿರೋ ‘ನಿಮಗೇ’ ನನಗೆ ಚುಚ್ಚುತ್ತದೆ. ನಾವೇನೋ ಲೆಕ್ಕ ಬಾರದವರು ಅನ್ನೋ ಹಾಗೆ.

ಗೊತ್ತು. ಇಪ್ಪತ್ತೊಂಬತ್ತನೇ ರೋಜಾದ, ಅಂದರೆ ಉಪವಾಸದ, ಸಂಜೆ ಚಂದ್ರ ಕಂಡರೆ ಮಾರನೇ ದಿನ ಹಬ್ಬ. ಕಾಣದಿದ್ದರೆ ಇನ್ನೊಂದು ರೋಜಾ, ಮೂವತ್ತು ಮುಗಿಸಿ ಹಬ್ಬ. ಕಂಡವರು ಸಾಕ್ಷಿ ಹೇಳಬೇಕು, ಚಾಂದ್ ಕಮಿಟಿ ಒಪ್ಪಬೇಕು, ಆಮೇಲೆ ಮಸೀದಿ ಮೈಕಿನಲ್ಲಿ ಹೇಳುತ್ತಾರೆ. ಮುಂಚೆಯೇ ಹೇಳು ಅಂತ ನನ್ನನ್ನು ಪೀಡಿಸಿದರೆ ಏನು ಹೇಳಲಿ?

‘ಪ್ರತಿ ವರ್ಷ ತಾರೀಖು ಬದಲಾಗೋದ್ಯಾಕೆ’ ಅಂತಲೂ ಕೇಳುತ್ತಾರೆ. ಚಂದ್ರನ ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಯುಗಾದಿ ಪಂಚಾಂಗವೂ ಚಂದ್ರನ ಲೆಕ್ಕದ್ದೇ, ಆದರೆ ಅದಕ್ಕೆ ಅಧಿಕ ಮಾಸ ಇದೆ. ನಮಗಿಲ್ಲ. ಹಾಗಾಗಿ ಹತ್ತು ಹನ್ನೊಂದು ದಿನ ಮುಂಚೆ ಬರುತ್ತಾ ಹೋಗುತ್ತದೆ. 2030ರಲ್ಲಿ ರಂಜಾನ್ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ ಶುರುವಾಗುತ್ತದೆ.

ರೈತರು ಕೇಳಿದರೆ ಮಾತ್ರ ನನಗೆ ಬೇಜಾರಿಲ್ಲ. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ‘ಸಾಬ್ರೇ, ಹಬ್ಬ ಸೋಮವಾರಾನಾ ಮಂಗಳವಾರಾನಾ?’ ಅಂತಾರೆ. ಹಬ್ಬದ ದಿನ ನಾವು ಗೂಡು ಕೊಳ್ಳಲ್ಲ, ಅವರ ಗೂಡು ಕಾಯಲ್ಲ. ತಡವಾದರೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆ ಗೂಡಿನಿಂದ ಎಳೆ ಬರೋದಿಲ್ಲ.

ನನಗೆ ಇಷ್ಟವಾದ ಪ್ರಶ್ನೆಯೇ ಬೇರೆ. ಪಕ್ಕದ ಮನೆ ಅಜ್ಜಿ ಪ್ರತಿ ವರ್ಷ ಕಾಂಪೌಂಡ್ ಆಚೆಯಿಂದ ಕೇಳುತ್ತಾರೆ: ‘ಈ ಸಲ ಚಂದ್ರ ಮೊದಲು ಯಾರಿಗೆ ಕಂಡ?’

2025ರಲ್ಲಿ ಮಾರ್ಚ್ 30, ಭಾನುವಾರ ಯುಗಾದಿ. ನಮಗೆ ಅದೇ ಇಪ್ಪತ್ತೊಂಬತ್ತನೇ ರೋಜಾ. ಖರ್ಜೂರ ತಿಂದು, ನೀರು ಕುಡಿದು, ನಮಾಜ್ ಮುಗಿಸಿ ಮಹಡಿಗೆ ಓಡಿದೆವು. ಪಕ್ಕದ ಮಹಡಿಯಲ್ಲಿ ಅಜ್ಜಿ ಆಗಲೇ ನಿಂತಿದ್ದರು. ಯುಗಾದಿ ಚಂದ್ರನನ್ನು ನೋಡಬೇಕಲ್ವಾ. ಅವರ ಕಣ್ಣು ಮಂಜು. ಅಮ್ಮಿ ಗೋಡೆಯಾಚೆ ಕೈ ಚಾಚಿ ಅಜ್ಜಿಯ ಮಣಿಕಟ್ಟು ಹಿಡಿದು, ಬೆರಳನ್ನು ಆಕಾಶಕ್ಕೆ ತಿರುಗಿಸಿದರು. ‘ತೆಂಗಿನ ಗರಿ ಇದೆಯಲ್ಲ, ಅದರ ಎಡಕ್ಕೆ. ಇನ್ನೂ ಸ್ವಲ್ಪ ಕೆಳಗೆ.’ ಒಂದು ಎಳೆಯಷ್ಟು ಬೆಳಕು. ಅಜ್ಜಿ ಕೈ ಮುಗಿದರು. ಅಮ್ಮಿ ಎರಡೂ ಕೈ ಬಿಚ್ಚಿ ದುವಾ ಮಾಡಿದರು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಕೆಳಗಿಳಿದು ಅಮ್ಮಿ ಫಿತ್ರಾ ದಾನದ ಲೆಕ್ಕ ಹಾಕಿದರು. ತಲೆಗಿಷ್ಟು, ತಂಗಿಯ ಹಸುಗೂಸಿನದೂ ಸೇರಿ. ಈದ್ ನಮಾಜಿಗೆ ಮುಂಚೆ ಅದು ಬಡವರ ಮನೆ ಸೇರಬೇಕು. ಹಬ್ಬದ ದಿನ ಯಾರೂ ಹಸಿದಿರಬಾರದು.

ಬೆಳಗ್ಗೆ ನಮಗೆ ಈದ್, ಅವರಿಗೆ ಹೊಸತೊಡಕು, ಯುಗಾದಿ ಮಾರನೇ ದಿನದ ಬಾಡೂಟ. ಮಟನ್ ಅಂಗಡಿ ಮುಂದೆ ಕತ್ತಲಿರುವಾಗಲೇ ಸಾಲು. ಅಜ್ಜಿಯ ಮಗ ನನ್ನ ಹಿಂದೆ ನಿಂತಿದ್ದರು. ‘ರಾತ್ರಿಯಿಂದ ಫೋನ್ ಮಾಡಿದವರಿಗೆಲ್ಲ ಅಮ್ಮ ಒಂದೇ ಮಾತು ಹೇಳ್ತಿದ್ದಾರೆ,’ ಅಂದರು. ‘ಚಂದ್ರ ಮೊದಲು ಕಂಡಿದ್ದು ನಿಮ್ಮ ಅಮ್ಮಿಗಂತೆ.’