ಹಿಂತಿರುಗಿ ನೋಡುವವರು

ಒಂದು ಚಿತ್ರ ಎರಡು ದಿನಗಳಿಂದ ಕಣ್ಣಿಗೆ ಕಟ್ಟಿದೆ. 1872ರಲ್ಲಿ ಜಾನ್ ಗ್ಯಾಸ್ಟ್ ರಚಿಸಿದ ‘ಅಮೆರಿಕನ್ ಪ್ರೋಗ್ರೆಸ್’. ಬಿಳಿ ವಸ್ತ್ರದ ಹೆಣ್ಣೊಬ್ಬಳು ಆಕಾಶದಲ್ಲಿ ತೇಲುತ್ತಾ ಪಶ್ಚಿಮಕ್ಕೆ ಸಾಗುತ್ತಿದ್ದಾಳೆ. ಹಣೆಯ ಮೇಲೆ ನಕ್ಷತ್ರ, ಕೈಯಲ್ಲಿ ಶಾಲೆಯ ಪುಸ್ತಕ, ಅವಳು ಸಾಗಿದಂತೆ ಬಿಚ್ಚಿಕೊಳ್ಳುವ ಟೆಲಿಗ್ರಾಫ್ ತಂತಿ. ಅವಳ ಹಿಂದೆ ರೈಲುಗಳು, ಉಳುವ ರೈತರು, ಬೆಳಕು. ಮುಂದೆ ಕತ್ತಲು. ಆ ಕತ್ತಲೊಳಗೆ ಮೂಲನಿವಾಸಿಗಳು, ಕಾಡೆಮ್ಮೆಗಳು ಓಡುತ್ತಿದ್ದಾರೆ.

ಒಂದಡಿ ಎತ್ತರವೂ ಇಲ್ಲದ ಈ ಚಿತ್ರವನ್ನು ಬರೆಸಿದವರು ಪ್ರವಾಸ ಕೈಪಿಡಿಗಳ ಪ್ರಕಾಶಕ ಜಾರ್ಜ್ ಕ್ರಾಫಟ್. ಬಣ್ಣದ ಮುದ್ರಣವಾಗಿ ಅದು ಮನೆಮನೆಗೂ ಹೋಯಿತು. ನನ್ನನ್ನು ಕಲಕಿದ್ದು ಇದೇ. ನೆಲ ಕಳೆದುಕೊಂಡವರ ಸಂಕಟ ಗೋಡೆಯ ಅಲಂಕಾರವಾಯಿತು. ಮೂಲನಿವಾಸಿಗಳನ್ನು ಅವರ ನೆಲದಿಂದ ತೆರವುಗೊಳಿಸುವ 1830ರ ಕಾನೂನಿನ ಬಳಿಕ, ಅವರಲ್ಲೊಂದು ಬುಡಕಟ್ಟಾದ ಚೆರೋಕೀ ಜನರನ್ನು ಬಲವಂತವಾಗಿ ಹೊರಡಿಸಿದಾಗ ದಾರಿಯಲ್ಲೇ ಸಾವಿರಾರು ಮಂದಿ ಸತ್ತರು. ಚಿತ್ರದಲ್ಲಿ ಬಂದೂಕು ಹಿಡಿದ ಸೈನಿಕರಿಲ್ಲ, ಮುರಿದ ಒಪ್ಪಂದಗಳಿಲ್ಲ. 1869ರಲ್ಲಿ ಪೂರ್ಣಗೊಂಡ, ಖಂಡ ದಾಟುವ ರೈಲುಹಾದಿಗಾಗಿ ಬೆಟ್ಟ ಕೊರೆದ ಚೀನೀ ಕೂಲಿಗಳೂ ಇಲ್ಲ. ಬೆಳಗಾದರೆ ಇರುಳು ಸರಿಯುವಷ್ಟೇ ಸಹಜವಾಗಿ ಮೂಲನಿವಾಸಿಗಳು ಸರಿದುಹೋದರೆಂದು ನಂಬಿಸುತ್ತದೆ ಅದು.

ಚಿತ್ರ ಸುಂದರವಾಗಿದೆ, ಅದನ್ನು ಅಲ್ಲಗಳೆಯಲಾರೆ. ಆ ಬೆಟ್ಟಸಾಲು, ಆ ಹೊಂಬೆಳಕು! ಮೊದಲು ನೋಡಿದಾಗ ನಾನೂ ಆ ಹೆಣ್ಣನ್ನೇ ನೋಡುತ್ತಾ ಕುಳಿತಿದ್ದೆ. ಎಡಮೂಲೆಯಲ್ಲಿ ಓಡುತ್ತಲೇ ಕತ್ತು ಹೊರಳಿಸಿ ಹಿಂದೆ ನೋಡುವವರು ಕಂಡದ್ದು ಬಹಳ ತಡವಾಗಿ. ಈಗ ಚಿತ್ರ ತೆರೆದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.